ಅಪ್ಪನ ಬ್ರೊಮೈಡ್, ಮಗಳ ಇಂಕ್‌ಜೆಟ್: ಬೆಲೆ ಯಾವುದಕ್ಕೆ?

ಪ್ರಶ್ನೆ: ತೀರಿಹೋದ ನಮ್ಮ ತಂದೆ ಸಾಗರದಲ್ಲಿ ಫೋಟೋ ಸ್ಟುಡಿಯೊ ನಡೆಸುತ್ತಿದ್ದರು. ಮದುವೆ, ಪಾಸ್‌ಪೋರ್ಟ್ ಫೋಟೋ ಹೊಟ್ಟೆಪಾಡಿಗೆ. ಮನಸ್ಸಿಟ್ಟು ತೆಗೆಯುತ್ತಿದ್ದದ್ದು ಮಲೆನಾಡಿನ ಮಳೆ, ಸಂತೆ, ಯಕ್ಷಗಾನದ ಚೌಕಿ. 1965ರಿಂದ 1988ರವರೆಗಿನ ನೆಗೆಟಿವ್‌ಗಳು ಎರಡು ಟ್ರಂಕ್ ತುಂಬ ಇವೆ. ಅವರೇ ಡಾರ್ಕ್‌ರೂಮಿನಲ್ಲಿ ಹಾಕಿದ 12×15 ಇಂಚಿನ ಬ್ರೊಮೈಡ್ ಪ್ರಿಂಟ್‌ಗಳು (ಬೆಳ್ಳಿ ಲವಣದ ಕಾಗದದ ಕಪ್ಪು ಬಿಳುಪು ಪ್ರಿಂಟ್) ಒಂದು ಪೆಟ್ಟಿಗೆಯಲ್ಲಿವೆ, ಅರವತ್ತೋ ಎಪ್ಪತ್ತೋ ಇರಬಹುದು. ಬೆಂಗಳೂರಿನಲ್ಲಿ ಪ್ರದರ್ಶನ ಮಾಡಿ ಕೆಲವನ್ನು ಮಾರುವ ಆಸೆ. ಒಬ್ಬ ಗ್ಯಾಲರಿಯವರು "ಡಿಜಿಟಲ್ ಪ್ರಿಂಟಿಗೆ ಬೆಲೆಯಿಲ್ಲ, ನೆಗೆಟಿವ್‌ನಿಂದ ಬ್ರೊಮೈಡೇ ಹಾಕಿಸಿ" ಅಂದರು. ಇನ್ನೊಬ್ಬರು "ಈಗ ಎಲ್ಲಾ ಡಿಜಿಟಲ್ಲೇ, ಸ್ಕ್ಯಾನ್ ಮಾಡಿ ದೊಡ್ಡದಾಗಿ ಹಾಕಿಸಿ" ಅಂದರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಮೊದಲು ಕೇಳಬೇಕಾದದ್ದನ್ನು ಇಬ್ಬರೂ ಕೇಳಿಲ್ಲ. ಹರಾಜು ಮನೆಯಲ್ಲಿ ಕೆಲಸ ಮಾಡುವವರ ಕೈಗೆ ಒಂದು ಫೋಟೋ ಕೊಟ್ಟು ನೋಡಿ. ಅವರು ಮೊದಲು ಅದರ ಹಿಂಬದಿ ತಿರುಗಿಸುತ್ತಾರೆ. ಈ ಪ್ರಿಂಟ್ ಹಾಕಿದ್ದು ಯಾವಾಗ? ಹಾಕಿದವರು ಯಾರು? ಇಂಥದ್ದು ಇನ್ನೆಷ್ಟಿವೆ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಬ್ರೊಮೈಡೋ ಇಂಕ್‌ಜೆಟ್ಟೋ (ಪ್ರಿಂಟರಿನಲ್ಲಿ ಶಾಯಿ ಚಿಮ್ಮಿಸಿ ಹಾಕುವ ಡಿಜಿಟಲ್ ಪ್ರಿಂಟ್) ಎಂಬ ಮಾತು.

ನಮ್ಮ ಜನ ಇದನ್ನು ಇಳಕಲ್ ಸೀರೆ ಲೆಕ್ಕದಲ್ಲಿ ನೋಡುತ್ತಾರೆ. ಬ್ರೊಮೈಡ್ ಕೈಮಗ್ಗದ್ದು, ಇಂಕ್‌ಜೆಟ್ ಪವರ್‌ಲೂಮಿನದ್ದು. ಕೈಮಗ್ಗಕ್ಕೆ ರೇಟು ಜಾಸ್ತಿ, ಅಷ್ಟೇ ಅಲ್ವಾ? ಅಲ್ಲ. ಫೋಟೋ ವ್ಯಾಪಾರ ಹಳೇ ಅಕ್ಕಿ ವ್ಯಾಪಾರಕ್ಕೆ ಹತ್ತಿರ. ಅದೇ ಗದ್ದೆ, ಅದೇ ತಳಿ, ಅದೇ ಗಿರಣಿ. ಆದರೂ ಹಳೇದಕ್ಕೊಂದು ರೇಟು, ಹೊಸದಕ್ಕೊಂದು ರೇಟು.

ಇದಕ್ಕೆ ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಅವರ ಒಂದೇ ಚಿತ್ರ ಸಾಕು. ನ್ಯೂ ಮೆಕ್ಸಿಕೊದ ಹೆರ್ನಾಂಡೆಜ್ ಎಂಬ ಹಳ್ಳಿ, ಕೆಳಗೆ ಸಂಜೆ ಬೆಳಕಿಗೆ ಹೊಳೆಯುವ ಶಿಲುಬೆಗಳು, ಮೇಲೆ ಚಂದ್ರ. ಆಡಮ್ಸ್ ಆ ಒಂದು ನೆಗೆಟಿವ್‌ನಿಂದ ಜೀವಮಾನದಲ್ಲಿ 1,300ಕ್ಕೂ ಹೆಚ್ಚು ಪ್ರಿಂಟ್ ಹಾಕಿದರು. ಎಲ್ಲವೂ ಸಿಲ್ವರ್ ಪ್ರಿಂಟ್, ಅಂದರೆ ನಾವು ಬ್ರೊಮೈಡ್ ಅನ್ನುವ ಜಾತಿಯದೇ. ಅದೇ ಕೈ, ಅದೇ ನೆಗೆಟಿವ್. 1970ರ ದಶಕದಲ್ಲಿ ಹಾಕಿದ ಪ್ರಿಂಟ್‌ಗಳು ಹರಾಜಿನಲ್ಲಿ ಕೆಲವು ಹತ್ತು ಸಾವಿರ ಡಾಲರ್‌ಗೆ ಹೋಗುತ್ತವೆ. 1948ರಲ್ಲಿ ಹಾಕಿದ ಒಂದು ಪ್ರಿಂಟ್ 2006ರಲ್ಲಿ ಸದೆಬಿಸ್ ಹರಾಜಿನಲ್ಲಿ 6,09,600 ಡಾಲರ್ ತಂದಿತು. ವಿಧಾನದಲ್ಲಿ ವ್ಯತ್ಯಾಸವೇ ಇಲ್ಲ. ಬೆಲೆಯಲ್ಲಿ ಹತ್ತು ಪಟ್ಟಿಗೂ ಜಾಸ್ತಿ ಅಂತರ.

ಹಳೆಯದಕ್ಕೆ ಯಾಕೆ ಅಷ್ಟು ಬೆಲೆ? ಸುಮ್ನೆ ಹಳೆಯದು ಅಂತಲ್ಲ. ಮೊದಮೊದಲ ಪ್ರಿಂಟ್‌ಗಳಲ್ಲಿ ಆ ಆಕಾಶ ತಿಳಿಯಾಗಿದೆ, ಮೋಡದ ಎಳೆಗಳು ಕಾಣುತ್ತವೆ. ವಯಸ್ಸಾದ ಹಾಗೆ ಆಡಮ್ಸ್ ಆಕಾಶವನ್ನು ಕಪ್ಪು ಮಾಡುತ್ತಾ ಹೋದರು. ಚಿತ್ರ ತೆಗೆದ ಹೊತ್ತಿನಲ್ಲಿ ಅವರು ಅದನ್ನು ಹೇಗೆ ಕಂಡಿದ್ದರು ಎಂಬುದು ಹಳೇ ಪ್ರಿಂಟಿನಲ್ಲಿ ಮಾತ್ರ ಇದೆ. ಅಂಥವು ಇರುವುದೂ ಕೆಲವೇ. ಇವನ್ನೇ ಮಾರುಕಟ್ಟೆಯಲ್ಲಿ ವಿಂಟೇಜ್ ಪ್ರಿಂಟ್ ಅನ್ನುವುದು. ಎಷ್ಟು ವರ್ಷದೊಳಗೆ ಹಾಕಿದರೆ ವಿಂಟೇಜ್ ಎನ್ನುವುದಕ್ಕೆ ಕಾನೂನೇನಿಲ್ಲ. ಚಿತ್ರ ತೆಗೆದ ಐದು ವರ್ಷದೊಳಗೆ ಎಂದು ಲೆಕ್ಕ ಹಿಡಿಯುವವರು ಬಹಳ. ಹರಾಜಿನಲ್ಲಿ ಇದುವರೆಗೆ ಅತಿ ಹೆಚ್ಚು ಬೆಲೆ ತಂದ ಫೋಟೋ ಎಂದು ಹೆಸರಾದದ್ದು ಮ್ಯಾನ್ ರೇ ಅವರ ಚಿತ್ರ, ಹೆಂಗಸಿನ ಬೆನ್ನಿನ ಮೇಲೆ ಪಿಟೀಲಿನ ಎರಡು ತೂತುಗಳಿರುವುದು. 2022ರ ಮೇ ತಿಂಗಳಲ್ಲಿ ಕ್ರಿಸ್ಟೀಸ್ ಹರಾಜು ಮನೆ ಅದನ್ನು ಸುಮಾರು 1 ಕೋಟಿ 24 ಲಕ್ಷ ಡಾಲರ್‌ಗೆ ಮಾರಿತು. ಅದು 1924ರ ಚಿತ್ರದ 1924ರದೇ ಪ್ರಿಂಟ್. ಅದೇ ಚಿತ್ರದ ನಂತರದ ಪ್ರಿಂಟ್‌ಗಳು ಬೇಕಾದಷ್ಟು ಬಂದಿವೆ, ಈ ಬೆಲೆಯ ಹತ್ತಿರಕ್ಕೂ ಸುಳಿದಿಲ್ಲ.

ನಿಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರದ ಉದಾಹರಣೆ ಅಮೆರಿಕದ ಫೋಟೋಗ್ರಾಫರ್ ಡಯೇನ್ ಆರ್ಬಸ್ ಅವರದು. 1971ರಲ್ಲಿ ತೀರಿಕೊಂಡರು. ಆಮೇಲೆ ಅವರ ನೆಗೆಟಿವ್‌ಗಳಿಂದ ಪ್ರಿಂಟ್ ಹಾಕಲು ಕುಟುಂಬದವರು ಒಪ್ಪಿಗೆ ಕೊಟ್ಟದ್ದು ನೀಲ್ ಸೆಲ್ಕರ್ಕ್ ಎಂಬ ಒಬ್ಬರಿಗೆ ಮಾತ್ರ. ಅವರು ಆರ್ಬಸ್ ಹೇಗೆ ಹಾಕುತ್ತಿದ್ದರೋ ಹಾಗೆಯೇ ಹಾಕಲು ಕಲಿತು, ಸಿಲ್ವರ್ ಕಾಗದದಲ್ಲೇ ಹಾಕಿದರು. ಕಣ್ಣಿಗೆ ಎಷ್ಟೋ ಸಲ ವ್ಯತ್ಯಾಸವೇ ತಿಳಿಯದು. ಆದರೂ ಆರ್ಬಸ್ ತಾವೇ ಹಾಕಿದ ಪ್ರಿಂಟಿಗೂ ಸೆಲ್ಕರ್ಕ್ ಹಾಕಿದ್ದಕ್ಕೂ ಬೆಲೆಯಲ್ಲಿ ಹಲವು ಪಟ್ಟು ಅಂತರವಿದೆ.

ಹಾಗಾಗಿ ನೀವು ಈಗ ಬ್ರೊಮೈಡ್ ಹಾಕಿಸಿದರೂ ಅದು "ತಂದೆಯವರ ಬ್ರೊಮೈಡ್" ಆಗುವುದಿಲ್ಲ. ಅವರು ತೀರಿದ ಮೇಲೆ ಮನೆಯವರು ಹಾಕಿಸಿದ ಪ್ರಿಂಟ್ ಆಗುತ್ತದೆ. ಮಾರುಕಟ್ಟೆಯಲ್ಲಿ ಇದನ್ನು ಎಸ್ಟೇಟ್ ಪ್ರಿಂಟ್ ಅನ್ನುತ್ತಾರೆ. (ನಮ್ಮ ಕಡೆ ಎಸ್ಟೇಟ್ ಅಂದರೆ ಕಾಫಿ ತೋಟ ಅಂದುಕೊಳ್ಳುತ್ತಾರೆ. ಒಂದು ಪ್ರದರ್ಶನದಲ್ಲಿ ಒಬ್ಬರು ನನ್ನನ್ನು "ಯಾವ ಎಸ್ಟೇಟಿಂದ ಬಂದಿದ್ದು?" ಎಂದು ಕೇಳಿಯೇಬಿಟ್ಟರು.) ದೊಡ್ಡ ಗೆರೆ ಇರುವುದು ಬ್ರೊಮೈಡ್ ಮತ್ತು ಡಿಜಿಟಲ್ ನಡುವೆ ಅಲ್ಲ. ಪೆಟ್ಟಿಗೆಯಲ್ಲಿರುವ ಆ ಅರವತ್ತು ಎಪ್ಪತ್ತು ಪ್ರಿಂಟ್‌ಗಳು ಒಂದು ಕಡೆ. ಇನ್ನು ಮುಂದೆ ಹಾಕಿಸುವುದೆಲ್ಲ, ಯಾವ ವಿಧಾನವೇ ಆಗಲಿ, ಇನ್ನೊಂದು ಕಡೆ.

ಹಾಗಾದರೆ ಡಿಜಿಟಲ್‌ಗೆ ಬೆಲೆಯಿಲ್ಲ ಎಂಬ ಮಾತು ಎಲ್ಲಿಂದ ಬಂತು? ಸುಳ್ಳಿನಿಂದ ಬಂದದ್ದಲ್ಲ. 1990ರ ಸುಮಾರಿಗೆ ಗಾಯಕ ಗ್ರಹಾಂ ನ್ಯಾಶ್ ಕ್ಯಾಲಿಫೋರ್ನಿಯಾದಲ್ಲಿ ಐರಿಸ್ ಎಂಬ ದೊಡ್ಡ ಪ್ರಿಂಟರ್ ತಂದು ಕಲಾ ಮುದ್ರಣಕ್ಕೆ ಕೂತರು. ಅದು ಛಾಪಖಾನೆಯವರು ಪ್ರೂಫ್ ನೋಡಲು ಬಳಸುತ್ತಿದ್ದ ಯಂತ್ರ. "ಇಂಕ್‌ಜೆಟ್" ಅಂದರೆ ಕೊಳ್ಳುವವರ ಮುಖ ಸಣ್ಣದಾಗುತ್ತಿತ್ತು. ಅದಕ್ಕೆ ಅಲ್ಲಿದ್ದ ಜ್ಯಾಕ್ ಡುಗಾನ್ 1991ರಲ್ಲಿ ಫ್ರೆಂಚ್‌ನಿಂದ ಒಂದು ಪದ ಎತ್ತಿಕೊಂಡರು: ಜಿಕ್ಲೇ. ಅರ್ಥ ಏನು ಗೊತ್ತಾ? ಚಿಮ್ಮಿಸಿದ್ದು, ನಮ್ಮ ಓಕುಳಿ ಪಿಚಕಾರಿಯ ಹಾಗೆ. ಈಗಲೂ ನಮ್ಮಲ್ಲಿ ಕೆಲವರು ಈ ಪದ ಹೇಳಿ ಎರಡು ಪಟ್ಟು ರೇಟು ಕೇಳುತ್ತಾರೆ. ಮೋಸ ಹೋಗಬೇಡಿ. ಅದು ಇಂಕ್‌ಜೆಟ್ಟೇ.

ಆ ಕಾಲದ ಶಾಯಿ ಮಾತ್ರ ನಿಜಕ್ಕೂ ನಿಲ್ಲುತ್ತಿರಲಿಲ್ಲ. ಅದು ಡೈ ಶಾಯಿ. ಅರಿಶಿನದ ಕಲೆ ಇದ್ದ ಹಾಗೆ, ಮೊದಲ ದಿನ ಝಗಮಗ, ಬಿಸಿಲು ಕಂಡರೆ ಮಾಯ. 2003ರಲ್ಲಿ ನಾನೂ ಒಂದು ಕಡೆ ಇಪ್ಪತ್ತು ಪ್ರಿಂಟ್ ಹಾಕಿಸಿದ್ದೆ. "ನೂರು ವರ್ಷ ಬರುತ್ತೆ ಸಾರ್" ಎಂದು ಹೇಳಿಯೇ ಕೊಟ್ಟಿದ್ದರು. ಕೊಂಡವರೊಬ್ಬರ ಹಜಾರದಲ್ಲಿ ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಹಸಿರು ಗದ್ದೆ ಬೂದಿ ಬಣ್ಣಕ್ಕೆ ತಿರುಗಿತ್ತು. ದುಡ್ಡು ವಾಪಸ್ ಕೊಟ್ಟೆ. ಅವರು ಕಾಫಿ ಕೊಟ್ಟರು, ಆದರೆ ಆಮೇಲೆ ನನ್ನ ಹತ್ತಿರ ಏನನ್ನೂ ಕೊಳ್ಳಲಿಲ್ಲ. ಇಂಥ ಅನುಭವ ಆದವರು ಪ್ರಪಂಚದಲ್ಲೆಲ್ಲ ಇದ್ದಾರೆ. ಡಿಜಿಟಲ್ ಎಂದರೆ ಈಗಲೂ ಮೂಗು ಮುರಿಯುವುದು ಅವರೇ.

2000ದ ನಂತರ ಪಿಗ್ಮೆಂಟ್ ಶಾಯಿ ಬಳಕೆಗೆ ಬಂತು. ಇದರಲ್ಲಿ ಬಣ್ಣ ಕರಗಿರುವುದಿಲ್ಲ, ಸಣ್ಣ ಕಣಗಳಾಗಿ ಕಾಗದದ ಮೇಲೆ ಕೂರುತ್ತದೆ. ಕೆಮ್ಮಣ್ಣು ಬಟ್ಟೆಗೆ ಹತ್ತಿದರೆ ಹೇಗೆ ಜಪ್ಪಯ್ಯ ಅಂದರೂ ಹೋಗುವುದಿಲ್ಲವೋ ಹಾಗೆ. ಹತ್ತಿಯ ಕಾಗದದ ಮೇಲೆ ಹಾಕಿದ ಪಿಗ್ಮೆಂಟ್ ಪ್ರಿಂಟ್ ಇವತ್ತು ಎಷ್ಟೋ ಡಾರ್ಕ್‌ರೂಮ್ ಕಲರ್ ಪ್ರಿಂಟ್‌ಗಿಂತ ಹೆಚ್ಚು ಬಾಳುತ್ತದೆ. ನಂಬಿಕೆ ಬಾರದಿದ್ದರೆ ನಿಮ್ಮ ಮನೆಯ 1980ರ ದಶಕದ ಮದುವೆ ಆಲ್ಬಮ್ ತೆಗೆದು ನೋಡಿ. ಧಾರೆ ಸೀರೆಯಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಕೆಂಪು ಕೆಂಪು. ಅದು ಯಾವ ಡಿಜಿಟಲ್ಲೂ ಅಲ್ಲ. ರಾಸಾಯನಿಕದಲ್ಲಿ ತೊಳೆದ ಸಿ-ಪ್ರಿಂಟ್, ಅಂದರೆ ಡಾರ್ಕ್‌ರೂಮ್ ಕಲರ್ ಪ್ರಿಂಟ್.

ಈಗ ತಮಾಷೆ ಕೇಳಿ. 2011ರ ನವೆಂಬರ್‌ನಲ್ಲಿ ಜರ್ಮನಿಯ ಆಂಡ್ರಿಯಾಸ್ ಗುರ್ಸ್ಕಿ ಅವರ 'ರೈನ್ 2' ಎಂಬ ಫೋಟೋ ಸುಮಾರು 43 ಲಕ್ಷ ಡಾಲರ್‌ಗೆ ಹೋಯಿತು. ಮ್ಯಾನ್ ರೇ ಚಿತ್ರ ಮಾರಾಟವಾಗುವವರೆಗೆ ಹರಾಜಿನ ದಾಖಲೆ ಅದೇ ಆಗಿತ್ತು. ಸುಮಾರು 12 ಅಡಿ ಅಗಲ. ಹಸಿರು ದಡ, ಬೂದು ನದಿ, ಬೂದು ಆಕಾಶ, ಮತ್ತೇನೂ ಇಲ್ಲ. ಇರಲಿಲ್ಲವೆಂದಲ್ಲ, ದಡದ ಮೇಲೆ ನಡೆಯುತ್ತಿದ್ದವರನ್ನೂ ಆಚೆಯ ಕಟ್ಟಡವನ್ನೂ ಗುರ್ಸ್ಕಿ ಕಂಪ್ಯೂಟರಿನಲ್ಲಿ ಅಳಿಸಿದ್ದರು. ಅಂದರೆ ಡಿಜಿಟಲ್ ಆಗಿ ತಿದ್ದಿದ ಚಿತ್ರ, ನಮ್ಮ ಮದುವೆ ಆಲ್ಬಮ್ಮಿನ ಕುಲದ್ದೇ ಆದ ಸಿ-ಪ್ರಿಂಟ್ ಕಾಗದ. (ಕಾಗದ ಈಗ ಎಷ್ಟೋ ಸುಧಾರಿಸಿದೆ, ಆ ಮಾತು ಬೇರೆ.) ಸಂಪ್ರದಾಯಸ್ಥರ ಲೆಕ್ಕದಲ್ಲಿ ಎರಡು ತಪ್ಪು. ಆದರೂ 43 ಲಕ್ಷ. ಯಾಕೆಂದರೆ ಗುರ್ಸ್ಕಿ ಹೆಸರು, ಒಟ್ಟು ಆರೇ ಪ್ರತಿ, ಮತ್ತು ಅದು ಮಾರಾಟವಾದ ಜಾಗ. ಅದು ಫೋಟೋ ಹರಾಜಿನಲ್ಲಿ ಹೋಗಲಿಲ್ಲ, ಸಮಕಾಲೀನ ಕಲೆಯ ಹರಾಜಿನಲ್ಲಿ ಹೋಯಿತು.

ಈ ಜಾಗದ ವಿಷಯ ಮುಖ್ಯ. ಫೋಟೋಗಳಿಗೆ ಇರುವುದು ಒಂದು ಸಂತೆಯಲ್ಲ, ಎರಡು. ಒಂದು ಫೋಟೋ ಸಂಗ್ರಹಿಸುವವರದು. ಅವರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಕಾಗದ ಯಾವುದು, ಯಾವ ವರ್ಷದ್ದು, ಕಪ್ಪು ಎಷ್ಟು ಕಪ್ಪು, ಎಲ್ಲ ಕೇಳುತ್ತಾರೆ. ಇನ್ನೊಂದು ಚಿತ್ರಕಲೆ ಕೊಳ್ಳುವವರದು. ಅವರ ಗೋಡೆ ದೊಡ್ಡದು, ದುಡ್ಡೂ ದೊಡ್ಡದು. ಅವರು ಹೆಸರು, ಅಳತೆ, ಎಷ್ಟು ಪ್ರತಿ ಇವೆ ಎಂಬುದನ್ನು ನೋಡುತ್ತಾರೆ. ವಿಧಾನದ ಬಗ್ಗೆ ಅವರಿಗೆ ಹೆಚ್ಚು ತಲೆನೋವಿಲ್ಲ. ನಿಮಗೆ ಸಲಹೆ ಕೊಟ್ಟ ಇಬ್ಬರೂ ಬಹುಶಃ ಒಂದೊಂದು ಸಂತೆಯವರು.

ಎರಡು ಸಂತೆಯ ನಡುವೆ ನಿಜವಾಗಿ ಜಗಳ ಹತ್ತಿದ್ದು ವಿಲಿಯಂ ಎಗಲ್ಸ್ಟನ್ ಪ್ರಕರಣದಲ್ಲಿ. ಸ್ವಲ್ಪ ಉದ್ದ ಹೇಳುತ್ತೇನೆ, ಕೊನೆಗೆ ಇದು ನಿಮ್ಮ ಟ್ರಂಕಿಗೇ ಬಂದು ನಿಲ್ಲುತ್ತದೆ. ಎಗಲ್ಸ್ಟನ್ ಅಮೆರಿಕದ ದಕ್ಷಿಣದವರು. ಕಲರ್ ಫೋಟೋ ಎಂದರೆ ಜಾಹೀರಾತಿನ ಸರಕು ಎಂದು ಜನ ಅಂದುಕೊಂಡಿದ್ದ ಕಾಲದಲ್ಲಿ, 1976ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ಅವರ ಕಲರ್ ಚಿತ್ರಗಳು ಪ್ರದರ್ಶನವಾದವು. ಅವರು ಪ್ರಿಂಟ್ ಹಾಕಿಸುತ್ತಿದ್ದ ವಿಧಾನ ಡೈ ಟ್ರಾನ್ಸ್‌ಫರ್. ಮೂರು ಬಣ್ಣಕ್ಕೆ ಮೂರು ಅಚ್ಚು ಮಾಡಿ ಒಂದರ ಮೇಲೊಂದು ಒತ್ತುವುದು. ತುಂಬ ಕಷ್ಟದ ಕೆಲಸ, ಬಣ್ಣ ಮಾತ್ರ ಅದ್ಭುತ. 1990ರ ದಶಕದಲ್ಲಿ ಕೊಡಾಕ್ ಅದರ ಸಾಮಾನು ತಯಾರಿಸುವುದನ್ನೇ ನಿಲ್ಲಿಸಿತು. ಹಾಗಾಗಿ ಆ ಪ್ರಿಂಟ್‌ಗಳಿಗೆ ಇನ್ನೂ ಬೆಲೆ ಬಂತು. ಮಗುವಿನ ಮೂರು ಗಾಲಿ ಸೈಕಲನ್ನು ನೆಲಮಟ್ಟದಿಂದ ತೆಗೆದ ಅವರ ಪ್ರಸಿದ್ಧ ಚಿತ್ರದ ಡೈ ಟ್ರಾನ್ಸ್‌ಫರ್ ಪ್ರಿಂಟನ್ನು ಜೊನಾಥನ್ ಸೋಬೆಲ್ ಎಂಬ ಸಂಗ್ರಾಹಕರು 2,50,000 ಡಾಲರ್ ಕೊಟ್ಟು ಕೊಂಡಿದ್ದರು. ಇಷ್ಟೇ ಪ್ರತಿ ಎಂದು ಸಂಖ್ಯೆ ಹಾಕಿದ್ದು ಅದು.

2012ರ ಮಾರ್ಚ್‌ನಲ್ಲಿ ಎಗಲ್ಸ್ಟನ್ ಕಡೆಯವರು ಹಳೇ ಚಿತ್ರಗಳನ್ನು ಸ್ಕ್ಯಾನ್ ಮಾಡಿಸಿ, 44×60 ಇಂಚಿನ ದೊಡ್ಡ ಪಿಗ್ಮೆಂಟ್ ಪ್ರಿಂಟ್ ಹಾಕಿಸಿ, ಕ್ರಿಸ್ಟೀಸ್‌ನಲ್ಲಿ 36 ಪ್ರಿಂಟ್ ಹರಾಜಿಗಿಟ್ಟರು. ಇಂಕ್‌ಜೆಟ್ ಪ್ರಿಂಟ್, ಅಪ್ಪಟ ಇಂಕ್‌ಜೆಟ್. ಒಟ್ಟು 59 ಲಕ್ಷ ಡಾಲರ್ ಬಂತು. ಆ ಸೈಕಲ್ ಚಿತ್ರ ಒಂದೇ 5,78,500 ಡಾಲರ್. ಅಂದರೆ ಸೋಬೆಲ್ ಕೊಟ್ಟ ಬೆಲೆಯ ಎರಡು ಪಟ್ಟಿಗೂ ಜಾಸ್ತಿ. ಹಳೇ ಕೈಕೆಲಸವನ್ನು ಹೊಸ ಯಂತ್ರ ಹಿಂದಕ್ಕೆ ಹಾಕಿತು! ಚಿತ್ರಕಲೆಯ ಸಂತೆಯವರು ಇದನ್ನು ಕೊಳ್ಳಲು ಬಂದಿದ್ದರು.

ಸೋಬೆಲ್‌ಗೆ ಸಿಟ್ಟು ಬಂತು. ಇಷ್ಟೇ ಪ್ರತಿ ಎಂದು ಹೇಳಿ ಮಾರಿದ ಚಿತ್ರವನ್ನು ಮತ್ತೆ ಹಾಕಿದರೆ ನನ್ನದರ ಬೆಲೆ ಏನಾಗಬೇಕು ಎಂದು ಕೋರ್ಟಿಗೆ ಹೋದರು. 2013ರಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ಮೊಕದ್ದಮೆ ವಜಾ ಮಾಡಿತು. ಹೊಸ ಪ್ರಿಂಟಿನ ಅಳತೆ ಬೇರೆ, ವಿಧಾನ ಬೇರೆ, ಹಾಗಾಗಿ ಇದು ಬೇರೆಯದೇ ಎಡಿಶನ್ (ಇಷ್ಟೇ ಪ್ರತಿ ಎಂದು ಹಾಕಿದ ಪ್ರಿಂಟ್‌ಗಳ ಕಟ್ಟು), ಹಳೆಯದರ ಮಾತು ಮುರಿದಂತಾಗಲಿಲ್ಲ ಎಂಬುದು ಅದರ ಸಾರ. ಮತ್ತೆ ಡೈ ಟ್ರಾನ್ಸ್‌ಫರ್ ವಿಧಾನದಲ್ಲೇ ಹಾಕಿದ್ದರೆ ಕಥೆ ಬೇರೆಯಾಗುತ್ತಿತ್ತು.

ತೀರ್ಪು ಸರಿಯಿರಬಹುದು. ನನ್ನ ಒಲವು ಮಾತ್ರ ಸೋಬೆಲ್ ಕಡೆಗೇ. ಕಾಗದದ ಮೇಲಿನ ಸಂಖ್ಯೆ ನಂಬಿಯೇ ಅವರು ಅಷ್ಟು ದುಡ್ಡು ಕೊಟ್ಟದ್ದು. ಫೋಟೋಗೆ ಪ್ರತಿ ಎಷ್ಟು ಬೇಕಾದರೂ ಹಾಕಬಹುದು. ಹಾಕುವುದಿಲ್ಲ ಎಂದು ಕೊಟ್ಟ ಮಾತನ್ನೇ ಜನ ಕೊಳ್ಳುವುದು. ಬ್ರೊಮೈಡಿಗಾದರೂ ಅಷ್ಟೇ, ಡಿಜಿಟಲ್ಲಿಗಾದರೂ ಅಷ್ಟೇ. ಡಿಜಿಟಲ್‌ನಲ್ಲಿ ಬಟನ್ ಒತ್ತಿದರೆ ನೂರನೆಯ ಪ್ರತಿಯೂ ಮೊದಲನೆಯದರ ಹಾಗೇ ಬರುತ್ತದೆ, ಅದಕ್ಕೇ ಅಲ್ಲಿ ಕೊಟ್ಟ ಮಾತಿನ ಮೇಲೆ ಭಾರ ಜಾಸ್ತಿ.

ಇನ್ನು ಬ್ರೊಮೈಡ್ ಅಂದಾಕ್ಷಣ ಅಸಲಿ ಅಂದುಕೊಳ್ಳುವುದೂ ತಪ್ಪು. ಅಮೆರಿಕದ ಲೂಯಿಸ್ ಹೈನ್ ಬಾಲಕಾರ್ಮಿಕರ ಚಿತ್ರಗಳಿಗೆ ಹೆಸರಾದವರು, 1940ರಲ್ಲಿ ತೀರಿಕೊಂಡರು. 1990ರ ದಶಕದಲ್ಲಿ ಅವರ ಸಹಿ ಇರುವ ಹಳೇ ಪ್ರಿಂಟ್‌ಗಳು ಅನುಮಾನ ಬರುವಷ್ಟು ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದವು. ಕಾಗದ ಪರೀಕ್ಷೆ ಮಾಡಿದರೆ ಕೆಲವು ನೇರಳಾತೀತ ದೀಪಕ್ಕೆ ಹೊಳೆದವು. ನಮ್ಮ ಅಮ್ಮಂದಿರು ಬಿಳಿ ಪಂಚೆಗೆ ಟಿನೋಪಾಲ್ ಹಾಕುತ್ತಿದ್ದರಲ್ಲ, ಆ ಜಾತಿಯ ರಾಸಾಯನಿಕ. ಫೋಟೋ ಕಾಗದಕ್ಕೆ ಅದನ್ನು ಸೇರಿಸಲು ಶುರು ಮಾಡಿದ್ದು 1950ರ ದಶಕದಲ್ಲಿ. ತೀರಿಹೋದವರು ಆ ಕಾಗದಕ್ಕೆ ಸಹಿ ಹಾಕುವುದು ಹೇಗೆ?

"ಡಿಜಿಟಲ್" ಎಂಬ ಪದವೂ ಸಡಿಲವಾಗಿದೆ. ಬ್ರೆಜಿಲ್‌ನ ಫೋಟೋಗ್ರಾಫರ್ ಸೆಬಾಸ್ಟಿಯಾವೊ ಸಾಲ್ಗಾಡೊ 2008ರ ಸುಮಾರಿಗೆ ಫಿಲ್ಮ್ ಬಿಟ್ಟು ಡಿಜಿಟಲ್ ಕ್ಯಾಮರಾ ಹಿಡಿದರು. ಆದರೆ ಆ ಫೈಲುಗಳಿಂದ ಮತ್ತೆ ನೆಗೆಟಿವ್ ಮಾಡಿಸಿ, ಸಿಲ್ವರ್ ಪ್ರಿಂಟ್ ಹಾಕಿಸಿದರು. ನಿಮ್ಮದು ಉಲ್ಟಾ. ಫಿಲ್ಮಿನಲ್ಲಿ ತೆಗೆದದ್ದು, ಶಾಯಿಯಲ್ಲಿ ಹಾಕುವುದು. ಇವೆರಡರಲ್ಲಿ ಯಾವುದು ಡಿಜಿಟಲ್? ಅದಕ್ಕೇ ಪ್ರದರ್ಶನದಲ್ಲಿ ಚಿತ್ರದ ಪಕ್ಕ ಹಾಕುವ ಚೀಟಿಯಲ್ಲಿ ಕ್ಯಾಮರಾ ಹೆಸರು ಬೇಡ, ಪ್ರಿಂಟಿನ ವಿಧಾನ, ಪ್ರಿಂಟ್ ಹಾಕಿದ ವರ್ಷ ಬರೆಯಿರಿ.

ಈಗ ನಿಮ್ಮ ಪೆಟ್ಟಿಗೆಗೆ ಬರೋಣ. ಮೊದಲು ಕಹಿ ಮಾತು. ನಿಮ್ಮ ತಂದೆಯವರ ಹೆಸರು ಇನ್ನೂ ಹೊರಗೆ ಗೊತ್ತಿಲ್ಲ. ಮೇಲೆ ಹೇಳಿದ ಲಕ್ಷ ಲಕ್ಷ ಡಾಲರ್ ಎಲ್ಲ ಹೆಸರಿಗೆ ಬಂದದ್ದು. ಮೊದಲ ಪ್ರದರ್ಶನದಲ್ಲಿ ಖರ್ಚು ಹುಟ್ಟಿದರೆ ಸಂತೋಷ ಪಡಿ. ಹೆಸರು ಕಟ್ಟುವ ಕೆಲಸವನ್ನು ಪ್ರದರ್ಶನ, ಒಂದು ಪುಸ್ತಕ, ಒಂದು ಮ್ಯೂಸಿಯಂ ಮಾಡಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಮ್ಯೂಸಿಯಂ ಫೋಟೋಗಳನ್ನು ಚಿತ್ರಕಲೆಯ ಪಕ್ಕದಲ್ಲೇ ಇಟ್ಟು ನೋಡುವ ಜಾಗ. ಒಂದು ಸಲ ಹೋಗಿ ಬನ್ನಿ. ಹಳೇ ಫೋಟೋಗಳನ್ನು ಹೇಗೆ ಜೋಡಿಸಿ, ಅವಕ್ಕೆ ಚೀಟಿ ಹೇಗೆ ಬರೆದಿರುತ್ತಾರೆ ಎಂದು ನೋಡಿದರೆ ಅರ್ಧ ಪಾಠ ಆಗುತ್ತದೆ.

ತಂದೆಯವರ ಕೈಯ ಆ ಪ್ರಿಂಟ್‌ಗಳೇ ನಿಮ್ಮ ನಿಜವಾದ ಆಸ್ತಿ. ಅಂಚು ಕತ್ತರಿಸಬೇಡಿ. ಸೆಲ್ಲೋಟೇಪ್ ಬೇಡ. ಪ್ಲೈವುಡ್‌ಗೆ ಅಂಟಿಸಬೇಡಿ. ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಒಳ್ಳೆ ಉದ್ದೇಶದಿಂದ ಲ್ಯಾಮಿನೇಶನ್ ಮಾಡಿಸಿ ಕೊಂದ ಪ್ರಿಂಟ್‌ಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಸಹಿ ಇಲ್ಲ ಅಂತ ಅವರ ಹೆಸರನ್ನು ನೀವು ಬರೆಯಬೇಡಿ. ಅದು ನಕಲಿ ಸಹಿಯಾಗುತ್ತದೆ. ಹಿಂಬದಿಯಲ್ಲಿ ಸ್ಟುಡಿಯೊ ಸೀಲು, ಪೆನ್ಸಿಲ್ ಬರಹ, ಯಾವುದಾದರೂ ಸಲಾನ್ (ಫೋಟೋ ಪ್ರದರ್ಶನ) ಸ್ಪರ್ಧೆಯ ಚೀಟಿ ಇದ್ದರೆ ಅದು ಬಂಗಾರ. ನಮ್ಮಲ್ಲಿ ಆ ಕಾಲದ ಹವ್ಯಾಸಿಗಳು 12×15 ಇಂಚಿನ ಪ್ರಿಂಟ್ ಹಾಕುತ್ತಿದ್ದದ್ದೇ ಸಲಾನ್‌ಗೆ ಕಳಿಸಲು. ಅಂಥ ಚೀಟಿಯಲ್ಲಿ ವರ್ಷ ಇರುತ್ತದೆ. ಖಾಲಿ ಕಾಗದದ ಡಬ್ಬಿಗಳಿದ್ದರೂ ಇಟ್ಟುಕೊಳ್ಳಿ, ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಆಗಲಿ, ಆಗ್ಫಾ ಆಗಲಿ. ಪ್ರಿಂಟ್ ಯಾವ ಕಾಲದ್ದು ಎನ್ನಲು ಅದೂ ಸಾಕ್ಷಿ. ಕಪ್ಪು ಭಾಗದ ಅಂಚನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಕನ್ನಡಿಯಂಥ ನೀಲಿ ಹೊಳಪು ಕಾಣಬಹುದು. ಹಾಳಾಗಿದೆ ಎಂದು ಉಜ್ಜಬೇಡಿ. ಬೆಳ್ಳಿ ಮೇಲೆದ್ದು ಬಂದದ್ದು ಅದು, ವಯಸ್ಸಿನ ಗುರುತು.

ಒಂದೊಂದು ಚಿತ್ರದ ಎಷ್ಟು ಪ್ರಿಂಟ್ ಇವೆ ಎಂದು ಎಣಿಸಿ ಒಂದು ಪುಸ್ತಕದಲ್ಲಿ ಬರೆಯಿರಿ. ಎರಡು ಮೂರು ಇರುವವನ್ನು ಮಾತ್ರ ಮಾರಾಟಕ್ಕೆ ಇಡಿ. ಒಂದೇ ಇರುವುದು ಮನೆಯಲ್ಲಿರಲಿ. ವರ್ಷ, ಊರು, ಚಿತ್ರದಲ್ಲಿರುವವರು ಯಾರು, ನೆನಪಿರುವ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ಆಡಮ್ಸ್ ಆ ಚಂದ್ರನ ಚಿತ್ರಕ್ಕೆ ತಾರೀಖು ಬರೆದಿಟ್ಟಿರಲಿಲ್ಲ. ಕೊನೆಗೆ ಚಂದ್ರ ಇದ್ದ ಜಾಗ ನೋಡಿ ಖಗೋಳ ಬಲ್ಲವರು ಲೆಕ್ಕ ಹಾಕಿ 1941ರ ನವೆಂಬರ್ 1 ಎಂದು ಹೇಳಬೇಕಾಯಿತು. ನಿಮ್ಮ ಸಂತೆಯ ಚಿತ್ರಗಳಲ್ಲಿ ಚಂದ್ರ ಇರುವುದಿಲ್ಲ.

ಹೊಸ ಪ್ರಿಂಟ್‌ಗಳ ವಿಷಯ. ನಾನಾಗಿದ್ದರೆ ಪಿಗ್ಮೆಂಟ್ ಪ್ರಿಂಟ್ ಹಾಕಿಸುತ್ತಿದ್ದೆ. ಮೊದಲನೆಯದಾಗಿ, ಒಳ್ಳೆಯ ಬ್ರೊಮೈಡ್ ಹಾಕುವ ಕೈಗಳು ಈಗ ತೀರಾ ಕಡಿಮೆ, ಕಾಗದ ಹೊರಗಿನಿಂದ ಬರಬೇಕು, ದುಬಾರಿ. ಮಲೆನಾಡಿನ ಥಂಡಿಗೆ ನಿಮ್ಮ ನೆಗೆಟಿವ್‌ಗಳಿಗೆ ಬೂಷ್ಟು ಹಿಡಿದೇ ಇರುತ್ತದೆ, ಸ್ಕ್ಯಾನ್ ಮಾಡಿದರೆ ಚುಕ್ಕೆ, ಗೀರು ತೆಗೆಯಬಹುದು. ಅದಕ್ಕಿಂತ ಮುಖ್ಯ, ಎರಡೂ ಎಸ್ಟೇಟ್ ಪ್ರಿಂಟೇ ಆದ್ದರಿಂದ ಬ್ರೊಮೈಡ್ ಎಂಬ ಕಾರಣಕ್ಕೆ ಸಿಗುವ ಹೆಚ್ಚಿನ ಬೆಲೆ ಅದರ ಖರ್ಚಿಗೇ ಹೋಗುತ್ತದೆ. ಕೆಟ್ಟ ಬ್ರೊಮೈಡ್‌ಗಿಂತ ಒಳ್ಳೆ ಪಿಗ್ಮೆಂಟ್ ಮೇಲು. ತಂದೆಯವರ ಪ್ರಿಂಟನ್ನು ಎದುರಿಗಿಟ್ಟುಕೊಂಡು ಅದರ ಕಪ್ಪು ಬಿಳುಪಿಗೆ ಹೊಂದಿಸಲು ಹೇಳಿ. ಬಣ್ಣ ತುಂಬಿಸುವುದು, ಮುಖ ನುಣ್ಣಗೆ ಮಾಡುವುದು ಬೇಡವೇ ಬೇಡ. "ಅಳತೆ ಎಷ್ಟು ಬೇಕಾದರೂ ಹಿಗ್ಗಿಸಬಹುದು" ಅಂದವರ ಮಾತಿಗೆ ಮರುಳಾಗಬೇಡಿ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದ ಕೈಯಳತೆಯ ಪ್ರಿಂಟಿನಲ್ಲೇ ಚೆನ್ನ.

ಒಂದು ಚಿತ್ರಕ್ಕೆ ಎಷ್ಟು ಪ್ರತಿ ಎಂದು ಮೊದಲೇ ತೀರ್ಮಾನಿಸಿ. ಎಲ್ಲ ಅಳತೆ ಸೇರಿ ಹತ್ತು ಅಂದರೆ ಹತ್ತೇ. ಎಗಲ್ಸ್ಟನ್ ಪ್ರಕರಣದಲ್ಲಿ ಜಗಳ ಹುಟ್ಟಿದ್ದು ಇಲ್ಲೇ. ಮುಂದೆ ಬೇರೆ ಅಳತೆಯಲ್ಲೋ ಬೇರೆ ವಿಧಾನದಲ್ಲೋ ಹಾಕುತ್ತೇವೋ ಇಲ್ಲವೋ, ಪುಸ್ತಕ, ಕ್ಯಾಲೆಂಡರ್‌ಗೆ ಕೊಡುತ್ತೇವೋ, ಅದನ್ನು ಜೊತೆಗೆ ಕೊಡುವ ಪತ್ರದಲ್ಲೇ ಬರೆಯಿರಿ. "ತಂದೆಯವರ ಮೂಲ ನೆಗೆಟಿವ್‌ನಿಂದ, ಇಂಥ ವರ್ಷ, ಕುಟುಂಬದವರು ಹಾಕಿಸಿದ ಪಿಗ್ಮೆಂಟ್ ಪ್ರಿಂಟ್, 10ರಲ್ಲಿ 3ನೆಯದು" ಎಂದು ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದು ನಿಮ್ಮ ಸಹಿ ಹಾಕಿ. ನಿಮ್ಮ ಸಹಿ, ಅವರದಲ್ಲ. ಯಾರಾದರೂ ಒಂದು ಸಾವಿರ ಪ್ರತಿ ಹಾಕಿ, ಮಾರುತ್ತಾ ಬೆಲೆ ಏರಿಸೋಣ ಅಂದರೆ ನಯವಾಗಿ ಬೇಡ ಅನ್ನಿ. ಆಸ್ಟ್ರೇಲಿಯಾದ ಪೀಟರ್ ಲಿಕ್ ಒಂದು ಚಿತ್ರಕ್ಕೆ 995 ಪ್ರತಿ ಹಾಕುವ ಪದ್ಧತಿಯಿಂದ ದೊಡ್ಡ ವ್ಯಾಪಾರ ಕಟ್ಟಿದರು. 2014ರಲ್ಲಿ ಒಂದು ಪ್ರಿಂಟನ್ನು ಖಾಸಗಿಯಾಗಿ 65 ಲಕ್ಷ ಡಾಲರ್‌ಗೆ ಮಾರಿದೆವು ಎಂದು ಪ್ರಕಟಣೆಯೂ ಬಂತು. ಆದರೆ ಕೊಂಡವರು ಮತ್ತೆ ಮಾರಲು ಹರಾಜಿಗೆ ಹೋದಾಗ ಸಿಕ್ಕ ಬೆಲೆ ಬಹಳ ಕೆಳಗಿತ್ತು.

ಬಹಳ ಜನ ಮರೆಯುವ ಇನ್ನೊಂದು ಮಾತು. ಸ್ಟುಡಿಯೊದಲ್ಲಿ ದುಡ್ಡು ತೆಗೆದುಕೊಂಡು ತೆಗೆದ ಮದುವೆ, ಕುಟುಂಬದ ಚಿತ್ರಗಳನ್ನು ಮಾರಾಟಕ್ಕೆ ಸೇರಿಸಬೇಡಿ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ತೆಗೆಸಿಕೊಂಡವರೇ ಅಂಥ ಚಿತ್ರದ ಮೊದಲ ಹಕ್ಕುದಾರರು. ಮಳೆ, ಸಂತೆ, ಚೌಕಿ ತಂದೆಯವರು ತಮ್ಮ ಇಷ್ಟಕ್ಕೆ ತೆಗೆದವು. ಮಾರುವುದಾದರೆ ಅವನ್ನೇ ಇಟ್ಟುಕೊಳ್ಳಿ. ಅಣ್ಣತಮ್ಮ ಅಕ್ಕತಂಗಿಯರಿದ್ದರೆ ಎಲ್ಲರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಪ್ರಿಂಟ್‌ಗೆ ಬೆಲೆ ಬರುವವರೆಗೆ ಯಾರೂ ತಕರಾರು ಮಾಡುವುದಿಲ್ಲ, ಗೊತ್ತಲ್ಲ.

ಟ್ರಂಕುಗಳನ್ನು ಈ ಮಳೆಗಾಲಕ್ಕೆ ಮೊದಲು ಅಟ್ಟದಿಂದ ಇಳಿಸಿ. ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಆ ಫಿಲ್ಮ್ ಕೊಳೆಯಲು ಶುರುವಾಗಿದೆ. ಅವನ್ನು ಬೇರೆ ಡಬ್ಬಿಗೆ ಹಾಕಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿಸಿ. ನೆಗೆಟಿವ್‌ಗಳನ್ನು ಯಾವ ಗ್ಯಾಲರಿಗೂ ಬಿಟ್ಟು ಬರಬೇಡಿ. ಸ್ಕ್ಯಾನ್ ಮಾಡುವಾಗ ನೀವೇ ಪಕ್ಕದಲ್ಲಿ ಕೂತಿರಿ, ದಿನಗಟ್ಟಲೆ ಹಿಡಿದರೂ ಸರಿ. ಪೆಟ್ಟಿಗೆಯ ತಳದಲ್ಲಿ ಹರಿದ ಟೆಸ್ಟ್ ಸ್ಟ್ರಿಪ್‌ಗಳು (ಎಷ್ಟು ಹೊತ್ತು ಬೆಳಕು ಬೇಕೆಂದು ಪರೀಕ್ಷೆಗೆ ಹಾಕಿದ ಕಾಗದದ ಚೂರುಗಳು), "12 ಸೆಕೆಂಡ್, ಆಕಾಶಕ್ಕೆ ಇನ್ನೂ 5" ಅಂತ ಗೀಚಿದ ಚೀಟಿಗಳು ಸಿಕ್ಕರೆ ಕಸವೆಂದು ಎಸೆಯಬೇಡಿ. ಹೊಸ ಪ್ರಿಂಟ್ ಹಾಕುವವರಿಗೆ ಅದನ್ನೇ ಮೊದಲು ತೋರಿಸಿ.